ಹೊಸ ಬಣ್ಣದ ಹಳೆಯ ಫ್ರೇಮಿಗೆ ಡೆಕಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಸೈಕಲ್ಲನ್ನು ಬಿಚ್ಚಿ, ತುಕ್ಕು ತೆಗೆದು, ಹೊಸದಾಗಿ ಬಣ್ಣ ಮಾಡಿಕೊಂಡ ಓದುಗರು ಬರೆದಿರುವ ಪತ್ರಗಳಲ್ಲಿ ಹೆಚ್ಚಿನವು ಕೊನೆಯ ಹಂತವಾದ ಡೆಕಲ್, ಅಂದರೆ ತಯಾರಕರ ಹೆಸರು, ಗುರುತುಗಳ ತೆಳು ಚಿತ್ರಗಳನ್ನು ಅಂಟಿಸುವ ಕೆಲಸವನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಲಗ್‌ಗಳಿರುವ (ಕೊಳವೆಗಳು ಕೂಡುವಲ್ಲಿ ಲೋಹದ ಕವಚಗಳಿರುವ) ಹಳೆಯ ಉಕ್ಕಿನ ಫ್ರೇಮಿಗೆ ಸ್ಪ್ರೇ ಕ್ಯಾನಿನಿಂದ ಎನಾಮೆಲ್ ಬಣ್ಣ ಹೊಡೆದು ಹತ್ತು ದಿನಗಳಾಗಿವೆ. ಒಬ್ಬ ಮಾರಾಟಗಾರರು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಲ್ ಕೊಡುತ್ತಾರೆ, ಇನ್ನೊಬ್ಬರು ವಿನೈಲ್ ಸ್ಟಿಕ್ಕರ್ ಕೊಡುತ್ತಾರೆ. ಯಾವುದನ್ನು ಕೊಳ್ಳಬೇಕು, ಈಗಲೇ ಅಂಟಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಒಳ್ಳೆಯದು, ಏಕೆಂದರೆ ಡೆಕಲ್ ಕೆಲಸ ಕೆಡುವುದು ಕೈಚಳಕದ ಕೊರತೆಯಿಂದ ಕಡಿಮೆ, ಅಡಿಯ ಬಣ್ಣದ ಮೇಲಿನ ಅವಸರದಿಂದ ಹೆಚ್ಚು. ಎನಾಮೆಲ್ ಬಣ್ಣದಲ್ಲಿರುವ ದ್ರಾವಕ ಮೊದಲ ದಿನವೇ ಬಹುಪಾಲು ಹಾರಿಹೋಗಿ ಮೇಲ್ಮೈ ಒಣಗಿದಂತೆ ಕಂಡರೂ, ಒಳಪದರ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತ ಹೋಗುತ್ತದೆ, ಮತ್ತು ಪದರ ದಪ್ಪವಾಗಿದ್ದರೆ ಇದಕ್ಕೆ ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮೇಲೆ ವಿನೈಲ್ ಅಂಟಿಸಿದರೆ ಉಳಿದ ದ್ರಾವಕದ ಆವಿ ಹೊರಹೋಗಲು ದಾರಿಯಿಲ್ಲದೆ ಸ್ಟಿಕ್ಕರಿನ ಅಡಿಯಲ್ಲಿ ಗುಳ್ಳೆಗಳಾಗಿ ನಿಲ್ಲುತ್ತದೆ. ಬಾಟಮ್ ಬ್ರಾಕೆಟ್‌ನ (ಪೆಡಲುಗಳ ಅಚ್ಚು ಕೂರುವ ಭಾಗದ) ತಳಭಾಗದಂಥ ಕಣ್ಣಿಗೆ ಬೀಳದ ಜಾಗದಲ್ಲಿ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ. ಗುರುತು ಉಳಿದರೆ, ಅಥವಾ ಫ್ರೇಮನ್ನು ಮೂಗಿನ ಹತ್ತಿರ ಹಿಡಿದಾಗ ಥಿನ್ನರಿನ ವಾಸನೆ ಇನ್ನೂ ಬಂದರೆ, ಕಾಯಬೇಕು. ಹತ್ತು ದಿನಗಳ ಎನಾಮೆಲ್ ಬಗ್ಗೆ ನನ್ನ ಸಲಹೆ ಇನ್ನೂ ಎರಡು ಮೂರು ವಾರ ಬಿಡಿ ಎಂಬುದೇ. ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಘಟಕಗಳ ಬಣ್ಣವಾಗಿದ್ದರೆ ಇಷ್ಟು ದಿನ ಬೇಕಾಗುತ್ತಿರಲಿಲ್ಲ, ಅದು ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ.

ಇನ್ನು ಆಯ್ಕೆಯ ವಿಷಯ. ನೀರಿನಲ್ಲಿ ಜಾರಿಸುವ ಡೆಕಲ್‌ನಲ್ಲಿ ಚಿತ್ರವು ತೆಳುವಾದ ಲ್ಯಾಕರ್ ಪೊರೆಯ ಮೇಲಿದ್ದು, ಪೊರೆಗೂ ಹಿಂಬದಿಯ ಕಾಗದಕ್ಕೂ ನಡುವೆ ನೀರಿನಲ್ಲಿ ಕರಗುವ ಅಂಟು ಇರುತ್ತದೆ. ಪೊರೆ ಬಹಳ ತೆಳುವಾದ್ದರಿಂದ ಅದರ ಅಂಚು ಕ್ಲಿಯರ್ ಲ್ಯಾಕರಿನ (ಮೇಲೆ ಹೊಡೆಯುವ ಪಾರದರ್ಶಕ ಹೊದಿಕೆಯ) ಅಡಿಯಲ್ಲಿ ಸುಲಭವಾಗಿ ಮುಚ್ಚಿಹೋಗುತ್ತದೆ, ಆದರೆ ಲ್ಯಾಕರ್ ಇಲ್ಲದೆ ಅದು ಹೆಚ್ಚು ದಿನ ಬಾಳುವುದಿಲ್ಲ. ವಿನೈಲ್ ಗಟ್ಟಿ, ಅಂಟಿಸುವುದೂ ಸುಲಭ, ಲ್ಯಾಕರ್ ಇಲ್ಲದೆಯೂ ನಿಲ್ಲುತ್ತದೆ. ಆದರೆ ಅದರ ದಪ್ಪ ಸಾಮಾನ್ಯವಾಗಿ 50ರಿಂದ 80 ಮೈಕ್ರಾನ್ ಇರುವುದರಿಂದ ಬೆರಳಾಡಿಸಿದರೆ ಅಂಚು ತಾಗುತ್ತದೆ, ಹಳೆಯ ಫ್ರೇಮಿನ ಮೇಲೆ ಅದು ಹೊಸದಾಗಿ ಬಂದು ಕೂತಂತೆ ಕಾಣುತ್ತದೆ. ವಿನೈಲನ್ನೇ ಕೊಳ್ಳುವುದಾದರೆ ಎರಕದ ವಿನೈಲ್ ಎಂದು ಕೇಳಿ ಪಡೆಯಿರಿ. ಉರುಳೆಗಳ ನಡುವೆ ಒತ್ತಿ ಮಾಡಿದ ಅಗ್ಗದ ವಿನೈಲ್ ಕಾಲಕ್ರಮೇಣ ಕುಗ್ಗಿ, ಕೊಳವೆಯ ಬಾಗಿನಲ್ಲಿ ಅಂಚು ಬಿಟ್ಟುಕೊಳ್ಳುತ್ತದೆ. ಇವೆರಡಲ್ಲದೆ, ಬೆನ್ನಿಗೆ ವಾರ್ನಿಶ್ ಸವರಿ ಅದು ಅಂಟಂಟಾಗುವವರೆಗೆ ಕಾದು ಕೂರಿಸುವ ಹಳೆಯ ಬಗೆಯ ಡೆಕಲ್‌ಗಳೂ, ಮೇಲಿನಿಂದ ಉಜ್ಜಿ ಇಳಿಸುವ ಒಣ ಡೆಕಲ್‌ಗಳೂ ಇವೆ. ನಿಮ್ಮಂಥ ಲಗ್ ಫ್ರೇಮಿಗೆ, ಮೇಲೆ ಲ್ಯಾಕರ್ ಹೊಡೆಯಲು ನೀವು ಸಿದ್ಧರಿದ್ದರೆ, ನೀರಿನಲ್ಲಿ ಜಾರಿಸುವುದನ್ನೇ ನಾನು ಆರಿಸುತ್ತೇನೆ. ಲ್ಯಾಕರಿನ ತಂಟೆಯೇ ಬೇಡವೆಂದರೆ ವಿನೈಲ್ ಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಹಳೆಯ ಬಣ್ಣ ತೆಗೆಯುವ ಮೊದಲು ಅಳತೆ ಬರೆದಿಟ್ಟುಕೊಳ್ಳಲಿಲ್ಲ. ಈಗ ಹೆಸರು ಎಲ್ಲಿ, ಯಾವ ದಿಕ್ಕಿನಲ್ಲಿ ಬರಬೇಕೆಂದು ತಿಳಿಯುವುದು ಹೇಗೆ?

ಉತ್ತರ: ಅದೇ ಮಾದರಿಯ, ಅದೇ ಅವಧಿಯ ಫ್ರೇಮಿನ ನೇರ ಪಕ್ಕದಿಂದ ತೆಗೆದ ಚಿತ್ರವೊಂದು ಸಿಕ್ಕರೆ ಸಾಕು. ಚಿತ್ರದಲ್ಲಿ ಡೌನ್ ಟ್ಯೂಬಿನ (ಹ್ಯಾಂಡಲಿನ ಕಡೆಯಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆಯ) ಉದ್ದವನ್ನೂ ಲಗ್ಗಿನ ತುದಿಯಿಂದ ಮೊದಲ ಅಕ್ಷರದವರೆಗಿನ ದೂರವನ್ನೂ ಅಳೆದು, ಅದೇ ಪ್ರಮಾಣವನ್ನು ನಿಮ್ಮ ಫ್ರೇಮಿಗೆ ಹೊಂದಿಸಿಕೊಳ್ಳಬಹುದು. ದಿಕ್ಕಿನ ವಿಷಯದಲ್ಲಿ ಬಹುಪಾಲು ಸೈಕಲ್ಲುಗಳ ರೂಢಿ ಒಂದೇ: ಎರಡೂ ಪಕ್ಕಗಳಲ್ಲಿ ಅಕ್ಷರಗಳು ತಲೆ ಮೇಲಾಗಿ ನೇರವಾಗಿ ಓದಿಸಿಕೊಳ್ಳಬೇಕು. ಹೀಗಾಗಿ ಚೈನ್ ಇರುವ ಬಲಪಕ್ಕದಲ್ಲಿ ಹೆಸರು ಪೆಡಲಿನ ಕಡೆಯಿಂದ ಆರಂಭವಾಗಿ ಹ್ಯಾಂಡಲಿನ ಕಡೆಗೆ ಏರುತ್ತದೆ, ಎಡಪಕ್ಕದಲ್ಲಿ ಹ್ಯಾಂಡಲಿನ ಕಡೆಯಿಂದ ಆರಂಭವಾಗಿ ಕೆಳಗಿಳಿಯುತ್ತದೆ. ಎರಡೂ ಪಕ್ಕಕ್ಕೆ ಲಗ್ಗಿನಿಂದ ಮೊದಲ ಅಕ್ಷರಕ್ಕೆ ಒಂದೇ ದೂರ ಇಟ್ಟರೆ ಹೆಸರುಗಳು ಒಂದಕ್ಕೊಂದು ಎದುರಾಗಿ ಕೂರುವುದಿಲ್ಲವೆಂಬುದು ಇದರಿಂದಲೇ ಸ್ಪಷ್ಟ. ಹೆಸರಿನ ಮಧ್ಯಬಿಂದುವನ್ನು ಗುರುತಿಸಿಕೊಂಡು ಎರಡೂ ಕಡೆ ಆ ಬಿಂದುವನ್ನೇ ಹೊಂದಿಸಬೇಕು.

ಕೊಳವೆಯ ಸುತ್ತಳತೆಯ ಮೇಲೆ ಎತ್ತರ ಹಿಡಿಯುವುದು ಇದಕ್ಕಿಂತ ಕಷ್ಟ. ಹಳೆಯ ಉಕ್ಕಿನ ಫ್ರೇಮುಗಳಲ್ಲಿ ಡೌನ್ ಟ್ಯೂಬ್ ಮತ್ತು ಸೀಟಿನಿಂದ ಪೆಡಲಿನ ಕಡೆಗೆ ಇಳಿಯುವ ಸೀಟ್ ಟ್ಯೂಬುಗಳ ಹೊರವ್ಯಾಸ ಸಾಮಾನ್ಯವಾಗಿ 28.6 ಮಿಲಿಮೀಟರ್, ಮೇಲಿನ ಅಡ್ಡ ಕೊಳವೆಯಾದ ಟಾಪ್ ಟ್ಯೂಬಿನದು 25.4 ಮಿಲಿಮೀಟರ್ ಇರುತ್ತದೆ. ಅಂದರೆ ಸುತ್ತಳತೆಗಳು ಸುಮಾರು 90 ಮತ್ತು 80 ಮಿಲಿಮೀಟರ್. ಸೀಟ್ ಟ್ಯೂಬನ್ನು ಪೂರ್ತಿ ಸುತ್ತುವ ಪಟ್ಟಿಯ ಡೆಕಲ್ ಕೊಳ್ಳುವ ಮೊದಲು ಅದರ ಉದ್ದ ಈ ಲೆಕ್ಕಕ್ಕೆ ಹೊಂದುವುದೇ ಎಂದು ನೋಡಿ, ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಒಳ್ಳೆಯದು. ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ತುದಿಗಳು ಕೂಡುವಲ್ಲಿ ಕತ್ತರಿಸಿ, ನಾಲ್ಕಾಗಿ ಮಡಚಿ ಮತ್ತೆ ಸುತ್ತಿದರೆ ಮಡಿಕೆಗಳು ಕೊಳವೆಯ ಮೇಲು, ಕೆಳಗು, ಎಡ, ಬಲಗಳ ನಡುಗೆರೆಗಳನ್ನು ತಾವೇ ತೋರಿಸುತ್ತವೆ. ಡೆಕಲ್‌ನ ನಕಲು ಪ್ರತಿಯನ್ನು ಸಾದಾ ಕಾಗದದ ಮೇಲೆ ತೆಗೆದು, ಕತ್ತರಿಸಿ, ಮಾಸ್ಕಿಂಗ್ ಟೇಪಿನಿಂದ ಜಾಗಕ್ಕೆ ಹಚ್ಚಿ, ಹತ್ತು ಹೆಜ್ಜೆ ದೂರ ನಿಂತು ನೋಡಿ. ಅಳತೆಪಟ್ಟಿ ಸರಿಯೆಂದದ್ದನ್ನು ಕಣ್ಣು ಒಪ್ಪದ ಸಂದರ್ಭಗಳೂ ಇವೆ, ಆಗ ಕಣ್ಣಿನ ಮಾತನ್ನೇ ಕೇಳಬೇಕು.

ಪ್ರಶ್ನೆ: ನೀರಿನಲ್ಲಿ ಜಾರಿಸುವ ಡೆಕಲ್ ಅನ್ನು ಅಂಟಿಸುವ ಕ್ರಮವನ್ನು ಮೊದಲಿನಿಂದ ತಿಳಿಸಿ. ಹಿಂದೊಮ್ಮೆ ಪ್ರಯತ್ನಿಸಿದಾಗ ಅಕ್ಷರಗಳ ಸುತ್ತ ಬೆಳ್ಳಿಯಂತೆ ಮಂಜು ಮಂಜಾದ ಕಲೆ ಉಳಿಯಿತು.

ಉತ್ತರ: ಆ ಬೆಳ್ಳಿಯ ಕಲೆ ಅಂಟಿನದಲ್ಲ, ಗಾಳಿಯದು. ಒರಟು ಅಥವಾ ಮಬ್ಬು ಮೇಲ್ಮೈಯಲ್ಲಿರುವ ಸಣ್ಣ ಸಣ್ಣ ಕುಳಿಗಳಲ್ಲಿ ಪೊರೆ ಇಳಿದು ಕೂರದೆ ಮೇಲೆಯೇ ನಿಂತಾಗ ಅಡಿಯಲ್ಲಿ ಗಾಳಿ ಉಳಿದು ಬೆಳಕನ್ನು ಚದುರಿಸುತ್ತದೆ. ಆದ್ದರಿಂದ ಡೆಕಲ್ ಬೀಳುವ ಜಾಗ ಹೊಳಪಾಗಿ, ನುಣುಪಾಗಿ ಇರಬೇಕು. ಮ್ಯಾಟ್ ಬಣ್ಣದ ಫ್ರೇಮಾಗಿದ್ದರೆ ಮೊದಲು ಆ ಜಾಗಕ್ಕೆ ಹೊಳಪಿನ ಕ್ಲಿಯರ್ ಒಂದು ಪದರ ಹೊಡೆದು, ಒಣಗಿಸಿ, ಡೆಕಲ್ ಅಂಟಿಸಿ, ಬೇಕಿದ್ದರೆ ಕೊನೆಗೆ ಮ್ಯಾಟ್ ಕ್ಲಿಯರ್ ಹೊಡೆಯುವುದು ಸರಿಯಾದ ದಾರಿ.

ಅಂಟಿಸುವ ದಿನ ಫ್ರೇಮನ್ನು ಸಾಬೂನು ನೀರಿನಿಂದ ತೊಳೆದು ಒರೆಸಿ. ಮೇಣವಿರುವ ಪಾಲಿಶ್ ಯಾವುದನ್ನೂ ಅದಕ್ಕೆ ಮುಂಚೆ ಬಳಸಿರಬಾರದು, ಮೇಣ ಮತ್ತು ಬೆರಳಿನ ಜಿಡ್ಡು ಎರಡೂ ಡೆಕಲ್‌ನ ಶತ್ರುಗಳು. ಫ್ರೇಮನ್ನು ಅಲುಗಾಡದಂತೆ ಇರಿಸಿ, ಕೆಲಸ ಮಾಡುವ ಕೊಳವೆ ಅಡ್ಡವಾಗಿ ಮಲಗಿರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಡೆಕಲ್ ಇಳಿಜಾರಿನಲ್ಲಿ ತಾನಾಗಿ ಸರಿಯುತ್ತದೆ. ಒಂದು ಬಾರಿಗೆ ಒಂದೇ ಡೆಕಲ್ ಅನ್ನು ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡಿ. ಕಾಗದ ಮೊದಲು ಸುರುಳಿಯಾಗಿ, ಆಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ. ಸುರುಳಿಯನ್ನು ಬಲವಂತವಾಗಿ ಬಿಡಿಸಲು ಹೋದರೆ ಪೊರೆ ಸೀಳುತ್ತದೆ. ಹೊರತೆಗೆದು ಒಂದು ನಿಮಿಷ ಹಾಗೆಯೇ ಇಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಪೊರೆ ಕಾಗದದ ಮೇಲೆ ಸರಿದರೆ ಸಿದ್ಧವಾಗಿದೆ ಎಂದರ್ಥ. ನೀರಿನಲ್ಲಿಯೇ ಪೊರೆಯನ್ನು ಕಾಗದದಿಂದ ಪೂರ್ತಿ ಬೇರ್ಪಡಿಸಬೇಡಿ, ಅಂಟೆಲ್ಲ ತೊಳೆದುಹೋಗುತ್ತದೆ, ಜೊತೆಗೆ ತೆಳು ಪೊರೆ ತನ್ನ ಮೇಲೆ ತಾನೇ ಮಡಚಿಕೊಂಡರೆ ಬಿಡಿಸುವುದು ಬಹುತೇಕ ಅಸಾಧ್ಯ.

ಕೊಳವೆಯ ಮೇಲೆ ಜಾಗವನ್ನು ನೀರಿನಿಂದ ಒದ್ದೆ ಮಾಡಿ, ಬೇಕಿದ್ದರೆ ಆ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ, ಕಾಗದದ ಸಮೇತ ಡೆಕಲ್ ಅನ್ನು ಜಾಗದ ಮೇಲಿಟ್ಟು, ಪೊರೆಯನ್ನು ಹಿಡಿದುಕೊಂಡು ಅಡಿಯಿಂದ ಕಾಗದವನ್ನು ಎಳೆಯಿರಿ. ಪೊರೆಯನ್ನು ಎಳೆಯುವುದಲ್ಲ, ಕಾಗದವನ್ನು ಎಳೆಯುವುದು. ಉದ್ದದ ಹೆಸರುಗಳು ಸೊಟ್ಟಗಾಗುವುದಕ್ಕೂ ಹಿಗ್ಗುವುದಕ್ಕೂ ಬಹುಪಾಲು ಕಾರಣ ಇದು ತಿರುವುಮುರುವಾಗುವುದೇ. ಅಡಿಯಲ್ಲಿ ನೀರಿರುವಷ್ಟು ಹೊತ್ತು ಅತ್ತಿತ್ತ ಸರಿಸಿ ಹೊಂದಿಸಬಹುದು. ಜಾಗ ಖಚಿತವಾದ ಮೇಲೆ ಒದ್ದೆಯಾದ ಮೆತ್ತನೆಯ ಬಟ್ಟೆಯಿಂದ ಅಥವಾ ಮೆತ್ತನೆಯ ರಬ್ಬರ್ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಹೊರದೂಡಿ. ಹೊರಬಂದ ಅಂಟು ಸುತ್ತಲೂ ಒಣಗಿದರೆ ಹಳದಿ ಕಲೆಯಾಗಿ ಲ್ಯಾಕರಿನ ಅಡಿಯಲ್ಲಿ ಶಾಶ್ವತವಾಗಿ ಉಳಿಯುವುದರಿಂದ, ಸ್ವಲ್ಪ ಹೊತ್ತಿನ ನಂತರ ಶುದ್ಧ ನೀರಿನ ಬಟ್ಟೆಯಿಂದ ಸುತ್ತಲ ಜಾಗವನ್ನು ಒರೆಸಿ. ಆಮೇಲೆ ಕನಿಷ್ಠ ಒಂದು ದಿನ ಮುಟ್ಟಬೇಡಿ.

ಒಣಗಿದ ಮೇಲೂ ಗುಳ್ಳೆ ಉಳಿದಿದ್ದರೆ ಸೂಜಿಯ ಮೊನೆಯಿಂದ ಒಂದೆರಡು ಕಡೆ ಚುಚ್ಚಿ, ಆಟಿಕೆ ಮಾದರಿಗಳ ಹವ್ಯಾಸಿಗಳು ಬಳಸುವ ಡೆಕಲ್ ಮೆದುಗೊಳಿಸುವ ದ್ರವವನ್ನು ಕುಂಚದಿಂದ ಸವರಿ. ಪೊರೆ ಕೆಲವು ನಿಮಿಷ ಸುಕ್ಕುಗಟ್ಟಿದಂತೆ ಕಂಡು ಗಾಬರಿ ಹುಟ್ಟಿಸುತ್ತದೆ, ಅದನ್ನು ಮುಟ್ಟದೆ ಬಿಟ್ಟರೆ ಒಣಗುತ್ತಾ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಆದರೆ ಈ ದ್ರವ ಎಲ್ಲ ಶಾಯಿಗಳಿಗೂ ಒಗ್ಗುವುದಿಲ್ಲ, ಹಾಳೆಯ ಮೂಲೆಯಲ್ಲಿ ಉಳಿದ ತುಂಡಿನ ಮೇಲೆ ಮೊದಲು ಪರೀಕ್ಷಿಸುವುದು ಕ್ಷೇಮ.

ಪ್ರಶ್ನೆ: ಡೆಕಲ್ ಚೆನ್ನಾಗಿಯೇ ಕೂತಿತ್ತು. ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದ ಕೆಲವೇ ನಿಮಿಷಗಳಲ್ಲಿ ಅದು ಸುಕ್ಕುಗಟ್ಟಿತು, ಒಂದು ಕಡೆ ಅಡಿಯ ಬಣ್ಣವೂ ಎದ್ದಿತು. ತಪ್ಪೆಲ್ಲಿ?

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಡೆಕಲ್‌ನ ಪೊರೆಯೇ ಲ್ಯಾಕರ್ ಜಾತಿಯದಾದ್ದರಿಂದ ಮೇಲೆ ಬೀಳುವ ಲ್ಯಾಕರಿನ ದ್ರಾವಕ ಅದನ್ನು ಮತ್ತೆ ಮೆದುಗೊಳಿಸುತ್ತದೆ. ಮೊದಲ ಪದರವನ್ನೇ ಒದ್ದೆಯಾಗಿ, ದಪ್ಪವಾಗಿ ಹೊಡೆದರೆ ದ್ರಾವಕಕ್ಕೆ ಆವಿಯಾಗಲು ಸಮಯ ಸಿಗದೆ ಅದು ಪೊರೆಯೊಳಗೆ ಇಳಿದು ಸುಕ್ಕುಗಟ್ಟಿಸುತ್ತದೆ. ಬಣ್ಣ ಎದ್ದಿರುವುದಕ್ಕೆ ಕಾರಣ, ಪೂರ್ತಿ ಗಟ್ಟಿಯಾಗದ ಎನಾಮೆಲ್ ಮೇಲೆ ಅದಕ್ಕಿಂತ ಬಲವಾದ ದ್ರಾವಕವಿರುವ ಕ್ಲಿಯರ್ ಬಿದ್ದಿರುವುದು. ಎನಾಮೆಲ್‌ಗೆ ಅದೇ ತಯಾರಕರ, ಅದೇ ಜಾತಿಯ ಕ್ಲಿಯರ್ ಬಳಸುವುದು, ಡಬ್ಬಿಯ ಮೇಲೆ ಬರೆದಿರುವ ಮರುಪದರದ ಅವಧಿಯನ್ನು ಪಾಲಿಸುವುದು, ಇವೆರಡರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಲವು ಎನಾಮೆಲ್ ಕ್ಯಾನುಗಳು ಮೊದಲ ಒಂದು ಗಂಟೆಯೊಳಗೆ ಅಥವಾ ಎರಡು ದಿನಗಳ ನಂತರ ಮಾತ್ರ ಮುಂದಿನ ಪದರ ಹೊಡೆಯಿರಿ ಎಂದು ಸೂಚಿಸುತ್ತವೆ. ನಡುವಿನ ಅವಧಿಯಲ್ಲಿ ಅರೆ ಒಣಗಿದ ಬಣ್ಣ ಸುಕ್ಕುಗಟ್ಟುತ್ತದೆ.

ಈಗ ಆಗಿರುವುದಕ್ಕೆ ಅಡ್ಡದಾರಿಯಿಲ್ಲ. ಪೂರ್ತಿ ಒಣಗಲು ಬಿಟ್ಟು, ಆ ಕೊಳವೆಯನ್ನು ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದದಿಂದ) ಉಜ್ಜಿ ಸಮ ಮಾಡಿ, ಬಣ್ಣ ಹೊಡೆದು, ಹೊಸ ಡೆಕಲ್ ತರಿಸಬೇಕು. ಈ ಸಲ ಮೊದಲ ಒಂದೆರಡು ಪದರಗಳನ್ನು ಸ್ವಲ್ಪ ದೂರದಿಂದ, ಮಂಜು ಬಿದ್ದಷ್ಟು ತೆಳುವಾಗಿ, ಬಹುತೇಕ ಒಣಗಿಯೇ ಬೀಳುವಂತೆ ಹೊಡೆಯಿರಿ, ನಡುವೆ ಸಾಕಷ್ಟು ಹೊತ್ತು ಬಿಡಿ. ಡೆಕಲ್‌ಗೆ ಈ ಹೊದಿಕೆ ಸಿಕ್ಕಿದ ಮೇಲೆಯೇ ಹರಿಯುವಷ್ಟು ಒದ್ದೆಯ ಪದರ. ಅಂಚು ಕಾಣದಂತೆ ಮಾಡಬೇಕೆಂದರೆ ಹಲವು ಪದರಗಳ ನಂತರ 1500 ಅಥವಾ 2000 ಸಂಖ್ಯೆಯ ವಾಟರ್ ಪೇಪರಿನಿಂದ ನೀರು ಹಾಕಿ ಹಗುರವಾಗಿ ಉಜ್ಜಿ, ಮತ್ತೊಂದು ಪದರ ಹೊಡೆಯಬೇಕಾಗುತ್ತದೆ. ಉಜ್ಜುವಾಗ ಬರುವ ಹಾಲು ಬಿಳುಪಿನ ನೀರಿನಲ್ಲಿ ಡೆಕಲ್‌ನ ಬಣ್ಣ ಕಾಣಿಸಿಕೊಂಡರೆ ತಕ್ಷಣ ನಿಲ್ಲಿಸಿ, ಕ್ಲಿಯರ್ ಸವೆದುಹೋಗಿದೆ ಎಂದರ್ಥ.

ಎರಡು ಘಟಕಗಳ ಪಾಲಿಯುರೆಥೇನ್ ಕ್ಲಿಯರ್ ಎಲ್ಲಕ್ಕಿಂತ ಗಟ್ಟಿ ಎಂಬ ಮಾತು ನಿಜ, ಪೆಟ್ರೋಲಿಗೂ ಗೀರಿಗೂ ಅದು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಉಸಿರಿನೊಂದಿಗೆ ಒಳಹೋದರೆ ಆಸ್ತಮಾ ಬರಿಸಬಲ್ಲದು, ಮತ್ತು ಒಮ್ಮೆ ಆ ಸೂಕ್ಷ್ಮತೆ ಬಂದವರಿಗೆ ಮುಂದೆ ಅತ್ಯಲ್ಪ ಪ್ರಮಾಣವೂ ಅಪಾಯ. ಬಟ್ಟೆಯ ಮುಖಗವಸು ಅಥವಾ ಧೂಳಿನ ಮಾಸ್ಕ್ ಇದಕ್ಕೆ ಏನೇನೂ ಸಾಲದು. ಹೊರಗಿನ ಗಾಳಿಯನ್ನು ಪೂರೈಸುವ ಉಸಿರಾಟದ ಸಲಕರಣೆಯೂ ಸ್ಪ್ರೇ ಕೋಣೆಯೂ ಇಲ್ಲದವರು ಈ ಕೆಲಸವನ್ನು ವಾಹನಗಳಿಗೆ ಬಣ್ಣ ಹೊಡೆಯುವ ಕಾರ್ಯಾಗಾರಕ್ಕೆ ಒಪ್ಪಿಸಬೇಕು, ಈ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಒಪ್ಪಿಸುವಾಗ ಡೆಕಲ್ ಯಾವ ಬಗೆಯದೆಂದು ಹೇಳಿ, ಉಳಿದ ತುಂಡೊಂದನ್ನು ಪರೀಕ್ಷೆಗೆ ಕೊಡಿ.

ಪ್ರಶ್ನೆ: ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೇನೆ. ಡೆಕಲ್ ಅಂಟಿಸಿ, ಮೇಲೆ ಪಾರದರ್ಶಕ ಪೌಡರ್ ಹೊಡೆಸಬಹುದೇ?

ಉತ್ತರ: ಸಾಮಾನ್ಯ ಡೆಕಲ್‌ಗಳಿಗೆ ಇದು ಆಗದು. ಪೌಡರ್ ಕರಗಿ ಗಟ್ಟಿಯಾಗಲು ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆ ಶಾಖದಲ್ಲಿ ವಿನೈಲ್ ಮುದುಡುತ್ತದೆ, ಸಾಮಾನ್ಯ ಶಾಯಿ ಕಂದುತ್ತದೆ. ಪೌಡರಿನ ಮೇಲೆ ದ್ರವರೂಪದ ಕ್ಲಿಯರ್ ಹೊಡೆಯಬಹುದು. ಆದರೆ ಪೌಡರಿನ ಮೇಲ್ಮೈಗೆ ಅದು ಹಿಡಿಯಬೇಕಾದರೆ ಇಡೀ ಫ್ರೇಮನ್ನು 800ರಿಂದ 1000 ಸಂಖ್ಯೆಯ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ ಮಬ್ಬುಗೊಳಿಸಬೇಕು, ಹಾಗೆ ಮಬ್ಬುಗೊಳಿಸಿದ ಮೇಲ್ಮೈಯಲ್ಲಿ ನೀರಿನ ಡೆಕಲ್ ಬೆಳ್ಳಿಗಟ್ಟುತ್ತದೆ. ಆದ್ದರಿಂದ ಉಜ್ಜಿದ ಮೇಲೆ ಒಂದು ಪದರ ಕ್ಲಿಯರ್, ಅದರ ಮೇಲೆ ಡೆಕಲ್, ಮತ್ತೆ ಕ್ಲಿಯರ್ ಎಂಬ ಕ್ರಮ. ಇಷ್ಟೆಲ್ಲ ಬೇಡವೆನಿಸಿದರೆ ಪೌಡರ್ ಫ್ರೇಮಿಗೆ ಎರಕದ ವಿನೈಲೇ ಸೂಕ್ತ. ಪೌಡರ್ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಬಂದಿದ್ದರೆ ಆ ಜಾಗವನ್ನು ಪಾಲಿಶ್ ಮಾಡಿ, ಪಾಲಿಶಿನ ಜಿಡ್ಡನ್ನು ತೆಗೆದ ನಂತರ ಅಂಟಿಸಿ.

ಪ್ರಶ್ನೆ: ಬೇಕಾದ ಡೆಕಲ್ ಎಲ್ಲಿಯೂ ಸಿಗದ ಕಾರಣ ಮನೆಯ ಪ್ರಿಂಟರಿನಲ್ಲೇ ಡೆಕಲ್ ಕಾಗದದ ಮೇಲೆ ಮುದ್ರಿಸಿದೆ. ಕಡು ನೀಲಿ ಫ್ರೇಮಿನ ಮೇಲೆ ಹಳದಿ ಅಕ್ಷರಗಳು ಕಾಣಿಸುವುದೇ ಇಲ್ಲ.

ಉತ್ತರ: ಮನೆಯ ಪ್ರಿಂಟರುಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ, ಕಾಗದದ ಬಿಳುಪೇ ಅವುಗಳಿಗೆ ಬಿಳಿ, ಉಳಿದ ಬಣ್ಣಗಳೂ ಅರೆಪಾರದರ್ಶಕ. ಪಾರದರ್ಶಕ ಪೊರೆಯ ಮೇಲೆ ಮುದ್ರಿಸಿದ ಹಳದಿ, ಕಡು ನೀಲಿಯಲ್ಲಿ ಮುಳುಗಿಹೋಗುವುದು ಅದಕ್ಕಾಗಿಯೇ. ಬಿಳಿ ಪೊರೆಯ ಡೆಕಲ್ ಕಾಗದ ಬಳಸಿ, ಅಕ್ಷರಗಳ ಅಂಚಿಗೆ ಸರಿಯಾಗಿ ಕತ್ತರಿಸುವುದು ಒಂದು ದಾರಿ. ಅಕ್ಷರಗಳು ಸರಳವಾಗಿದ್ದರೆ ನನ್ನ ಒಲವು ಇನ್ನೊಂದರ ಕಡೆಗೆ: ವಿನೈಲ್ ಹಾಳೆಯಲ್ಲಿ ಅಕ್ಷರಗಳ ಆಕಾರವನ್ನು ಕತ್ತರಿಸಿ ತೆಗೆದ ಅಚ್ಚನ್ನು ಫ್ರೇಮಿಗೆ ಅಂಟಿಸಿ, ಹಳದಿ ಬಣ್ಣವನ್ನೇ ತೆಳುವಾಗಿ ಹೊಡೆದು, ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚನ್ನು ಎತ್ತಿಬಿಡುವುದು. ಅಲ್ಲಿ ಪೊರೆಯೂ ಇಲ್ಲ, ಅಂಟೂ ಇಲ್ಲ, ಅಕ್ಷರ ಬಣ್ಣದ ಭಾಗವೇ ಆಗಿರುತ್ತದೆ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದವರು ನೀರಿಗೆ ಹಾಕುವ ಮೊದಲು ಹಾಳೆಗೆ ಅಕ್ರಿಲಿಕ್ ಕ್ಲಿಯರಿನ ಎರಡು ಮೂರು ತೆಳು ಪದರ ಹೊಡೆಯಬೇಕು, ಇಲ್ಲದಿದ್ದರೆ ಶಾಯಿ ನೀರಿನಲ್ಲಿ ಕರಗಿಹೋಗುತ್ತದೆ. ಲೇಸರ್ ಮುದ್ರಣಕ್ಕೆ ಆ ಭಯವಿಲ್ಲ.

ಪ್ರಶ್ನೆ: ನನ್ನ ಫ್ರೇಮು ರೆನಾಲ್ಡ್ಸ್ 531 ಕೊಳವೆಗಳದ್ದೆಂದು ಮಾರಿದವರು ಹೇಳಿದ್ದರು, ಗುರುತು ಯಾವುದೂ ಉಳಿದಿಲ್ಲ. ಆ ಡೆಕಲ್ ಹಾಕಬಹುದೇ?

ಉತ್ತರ: ರೆನಾಲ್ಡ್ಸ್ 531 ಎಂಬುದು 1935ರಲ್ಲಿ ಬಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಕೊಳವೆ. ಅದರ ಡೆಕಲ್ ಅಲಂಕಾರವಲ್ಲ, ಫ್ರೇಮು ಯಾವುದರಿಂದ ಮಾಡಲ್ಪಟ್ಟಿದೆ ಎಂಬ ಹೇಳಿಕೆ. ಇಡೀ ಫ್ರೇಮು 531 ಆಗಿರುವುದಕ್ಕೂ ಮೂರು ಮುಖ್ಯ ಕೊಳವೆಗಳು ಮಾತ್ರ ಆಗಿರುವುದಕ್ಕೂ ಬೇರೆ ಬೇರೆ ಡೆಕಲ್‌ಗಳಿದ್ದವು. ಸೀಟ್ ಪೋಸ್ಟಿನ (ಸೀಟನ್ನು ಹೊತ್ತು ಸೀಟ್ ಟ್ಯೂಬಿನೊಳಗೆ ಇಳಿಯುವ ಕೋಲಿನ) ವ್ಯಾಸವನ್ನು ಅಳೆದು ನೋಡಿ: ಹೊರವ್ಯಾಸ 28.6 ಮಿಲಿಮೀಟರ್ ಇರುವ ಸೀಟ್ ಟ್ಯೂಬಿಗೆ 27.2 ಮಿಲಿಮೀಟರ್ ಪೋಸ್ಟ್ ಸರಿಯಾಗಿ ಕೂರುತ್ತಿದ್ದರೆ ಕೊಳವೆಯ ಗೋಡೆ ತೆಳುವಾಗಿದೆ, ಅಂದರೆ ಒಳ್ಳೆಯ ದರ್ಜೆಯದ್ದಿರಬೇಕು. 26 ಮಿಲಿಮೀಟರಿನ ಆಸುಪಾಸಿನ ಪೋಸ್ಟ್ ಬೇಕಾದರೆ ಗೋಡೆ ದಪ್ಪವಾಗಿದೆ, ಮಾರಿದವರ ಮಾತನ್ನು ಅನುಮಾನಿಸಲು ಕಾರಣವಿದೆ. ತೆಳು ಗೋಡೆಯ ಕೊಳವೆಗಳನ್ನು ಬೇರೆಯವರೂ ಮಾಡುತ್ತಿದ್ದುದರಿಂದ 27.2 ಕೂಡ ಪೂರ್ತಿ ಪುರಾವೆಯಲ್ಲ. ಫ್ರೇಮಿನ ಕ್ರಮಸಂಖ್ಯೆಯಿಂದ ಮಾದರಿ ಪತ್ತೆಯಾಗಿ, ಆ ಮಾದರಿಯ ಹಳೆಯ ಕ್ಯಾಟಲಾಗಿನಲ್ಲಿ 531 ಎಂದಿದ್ದರೆ ಧಾರಾಳವಾಗಿ ಹಾಕಿ. ಅಷ್ಟು ಆಧಾರವಿಲ್ಲದಿದ್ದರೆ ತಯಾರಕರ ಹೆಸರಿಗೇ ನಿಲ್ಲಿಸಿ, ಏಕೆಂದರೆ ಮುಂದೊಂದು ದಿನ ಆ ಸೈಕಲ್ಲನ್ನು ಕೊಳ್ಳುವವರು ಡೆಕಲ್ ಅನ್ನೇ ನಂಬಿ ಹಣ ಕೊಡುತ್ತಾರೆ.

ಡೆಕಲ್‌ನ ವಿನ್ಯಾಸ ಯಾವ ಅವಧಿಯದಾಗಿರಬೇಕೆಂಬುದಕ್ಕೂ ಇದೇ ಎಚ್ಚರಿಕೆ ಬೇಕು. ಸ್ಟರ್ಮಿ-ಆರ್ಚರ್ ಕಂಪನಿಯ ಗೇರ್ ಹಬ್ಬುಗಳ (ಗೇರುಗಳನ್ನು ಒಳಗಿಟ್ಟುಕೊಂಡ ಚಕ್ರದ ನಡುಭಾಗಗಳ) ಮೇಲೆ ತಯಾರಾದ ವರ್ಷವನ್ನು ಅಚ್ಚೊತ್ತುವ ರೂಢಿಯಿತ್ತು, ಅದು ಒಳ್ಳೆಯ ಸುಳಿವು. ಆದರೆ ಚಕ್ರ ಬದಲಾಗಿದ್ದರೆ ಹಬ್ಬಿನ ವರ್ಷ ಫ್ರೇಮಿನ ವರ್ಷವಲ್ಲ.

ಪ್ರಶ್ನೆ: ಮೂಲ ಡೆಕಲ್‌ಗಳು ಅರ್ಧದಷ್ಟು ಉಳಿದಿವೆ. ಎಲ್ಲವನ್ನೂ ತೆಗೆದು ಹೊಸದು ಹಾಕಬೇಕೇ?

ಉತ್ತರ: ಹೆಸರು ಓದಲು ಬರುವಷ್ಟು ಉಳಿದಿದ್ದರೆ ಬೇಡ. ಹೊಸ ಡೆಕಲ್ ಯಾವಾಗ ಬೇಕಾದರೂ ಸಿಗುತ್ತದೆ, ಕಿತ್ತ ಹಳೆಯದು ಮತ್ತೆ ಸಿಗುವುದಿಲ್ಲ. ತೆಳು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಸ್ಪಿರಿಟ್, ಥಿನ್ನರ್, ಉಜ್ಜುವ ಪಾಲಿಶ್ ಯಾವುದನ್ನೂ ಡೆಕಲ್‌ನ ಹತ್ತಿರ ತರಬೇಡಿ. ತುಕ್ಕು ಬೇರೆ ಕೊಳವೆಗಳಲ್ಲಿ ಮಾತ್ರ ಇದ್ದರೆ ಅಲ್ಲಿಗಷ್ಟೇ ಬಣ್ಣ ಮಾಡಿ.

ಪ್ರಶ್ನೆ: ಡೆಕಲ್, ಲ್ಯಾಕರ್ ಎಲ್ಲ ಮುಗಿದಿದೆ. ಸೈಕಲ್ ಜೋಡಿಸುವುದು ಯಾವಾಗ?

ಉತ್ತರ: ಸ್ಪ್ರೇ ಕ್ಯಾನಿನ ಲ್ಯಾಕರ್ ಆದರೆ ಎರಡು ವಾರವಾದರೂ ಬಿಡಿ. ಜೋಡಿಸುವಾಗ ಫ್ರೇಮನ್ನು ಸ್ಟ್ಯಾಂಡಿಗೆ ಸಿಕ್ಕಿಸುವುದಾದರೆ ಕೊಳವೆಯನ್ನು ಹಿಡಿಸಬೇಡಿ, ಸೀಟ್ ಪೋಸ್ಟನ್ನು ಹಿಡಿಸಿ. ಕೇಬಲ್ ಕ್ಲಿಪ್ಪು, ಪಂಪಿನ ಹಿಡಿಕೆಗಳು ಡೆಕಲ್ ಮೇಲೆ ಬರದಂತೆ ಮೊದಲೇ ಜಾಗ ನೋಡಿಕೊಳ್ಳಿ. ಬರಲೇಬೇಕಾದರೆ ಅಡಿಗೆ ತೆಳು ರಬ್ಬರ್ ಪಟ್ಟಿ ಹಾಕಿ. ಮೇಣದ ಪಾಲಿಶ್ ಒಂದು ತಿಂಗಳ ನಂತರ ಹಚ್ಚಬಹುದು.